ಸಾಕೆನ್ನದ ಮೇಷ್ಟ್ರು

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಒಂದು ಹುಣ್ಣಿಮೆಯ ದಿನ ಉಂಡವರಿಗೆಲ್ಲ ನಾನೊಬ್ಬನೇ ಬಡಿಸಿದ್ದೆ. ಮೊದಲ ಎಲೆಯ ಹತ್ತಿರ ನಿಂತರೆ ಕೊನೆಯ ಎಲೆ ಕಣ್ಣಿಗೆ ಕಾಣುತ್ತಿರಲಿಲ್ಲ. ನಂಬಿಕೆ ಬರದಿದ್ದರೆ ಉಂಡವರನ್ನೇ ಕೇಳಿ. ಈಗ ಒಬ್ಬರೂ ಉಳಿದಿಲ್ಲ, ಅದಕ್ಕೆ ನಾನೇನು ಮಾಡಲಿ?

ಹೋಟೆಲ್ ಶಾಸ್ತ್ರ ಓದುವ ನಿಮ್ಮಂಥ ಮಕ್ಕಳು ಆಗಲೂ ಬರುತ್ತಿದ್ದರು. ವಿಶ್ವವಿದ್ಯಾಲಯದವರು ಕೊನೇ ವರ್ಷದ ಪರೀಕ್ಷೆಯನ್ನು ನಮ್ಮ ಪಂಕ್ತಿಯಲ್ಲೇ ಇಡುತ್ತಿದ್ದರು. ಮಕ್ಕಳು ಯಾತ್ರಿಕರಿಗೆ ಬಡಿಸಬೇಕು, ಮೇಷ್ಟ್ರು ನೋಡಿ ಅಂಕ ಹಾಕಬೇಕು. ಆ ವರ್ಷ ಪರೀಕ್ಷೆ ಅದೇ ಹುಣ್ಣಿಮೆಯ ದಿನ ಬಿತ್ತು.

ಮೇಷ್ಟ್ರ ಹೆಸರು ಶರಭಣ್ಣ. ನಮ್ಮ ಅಡವಯ್ಯ ಗುರುಗಳ ಶಿಷ್ಯ, ಸೌಟು ಹಿಡಿಯುವುದನ್ನು ಅವರ ಹತ್ತಿರವೇ ಕಲಿತವನು. ಹಳೆಯ ಯಾತ್ರಿಕರು ಕೂತ ತಕ್ಷಣ "ಶರಭಣ್ಣ ಎಲ್ಲಿ? ಅವನ ಕೈಯಿಂದ ಹಾಕಿಸಿ" ಅನ್ನುತ್ತಿದ್ದರು. ನನ್ನನ್ನೂ ಕೇಳುತ್ತಿದ್ದರು, ಅದಿರಲಿ.

ಆ ವರ್ಷ ಯಾರೂ ಅವನನ್ನು ಕೇಳಲಿಲ್ಲ. "ಆ ಹುಡುಗಿ ನೀಲಾಂಬಿಕೆ ಬರಲಿ" ಅಂದರು. ಅವನದೇ ವಿದ್ಯಾರ್ಥಿನಿ. ನನ್ನ ಕೈಯಷ್ಟು ಚುರುಕೇನಲ್ಲ. ಆದರೂ ಗುರುಗಳು ಕೂಡ ಅವಳ ಸಾಲು ಹುಡುಕಿಕೊಂಡು ಹೋಗಿ ಕೂತರು.

ಶರಭಣ್ಣನ ಹೊಟ್ಟೆಗೆ ಕೆಂಡ ಬಿತ್ತು.

ಊಟವಾದ ಮೇಲೆ ಗುರುಗಳ ಹತ್ತಿರ ಬಂದ.

"ಗುರುಗಳೇ, ನೀಲಾಂಬಿಕೆ ನಪಾಸು."

"ಏನು ತಪ್ಪು ಮಾಡಿದಳಪ್ಪ?"

"ಬಡಿಸುವಾಗ ಮಾತಾಡುತ್ತಾಳೆ. ನಿಲ್ಲುವ ರೀತಿ ಸರಿಯಿಲ್ಲ. ನಾನು ಕಲಿಸಿದ ಹಾಗೆ ಒಂದೂ ಇಲ್ಲ."

"ಅವಳ ಕೈಯಿಂದ ನೀನು ಉಂಡೆಯಾ?"

"ಇಲ್ಲ. ನಿಂತು ನೋಡಿದೆ."

"ಕೂತು ನೋಡು. 'ಸಾಕು' ಅನ್ನೋ ಮಾತು ನಿನ್ನ ಬಾಯಲ್ಲಿ ಬಂದರೆ ಅವಳು ಪಾಸು. ಬಾರದೆ ಎದ್ದರೆ ನಪಾಸು. ಆಗಬಹುದಾ?"

ಆಗದೆ ಏನು? ಬಾಯಿ ಅವನದೇ ತಾನೆ.

ಹುಡುಗಿಗೂ ಷರತ್ತು ತಿಳಿಸಿದರು. ಪಾಸಾದರೆ ಹೊಸಪೇಟೆಯ ದೊಡ್ಡ ಹೋಟೆಲಿನಲ್ಲಿ ಅವಳಿಗೆ ಕೆಲಸ ಕಾದಿತ್ತು. ನಪಾಸಾದರೆ ಅದು ಇನ್ಯಾರದೋ ಪಾಲು. ಅವಳು ತಲೆಯಾಡಿಸಿ ಸೌಟು ಕೈಗೆತ್ತಿಕೊಂಡಳು.

"ಇನ್ನಷ್ಟು ಅನ್ನ, ಸರ್?"

"ಹಾಕು."

"ಸಾರು?"

"ಹಾಕು."

"ಹೋಳಿಗೆ?"

"ಕೇಳೋದೇನು, ಹಾಕು!"

ಅನ್ನದ ಕೊಪ್ಪರಿಗೆ ಬರಿದಾಯಿತು. ಮತ್ತೆ ಒಲೆ ಹೊತ್ತಿಸಿದರು. ಉಂಡ ಯಾತ್ರಿಕರು ಒಂದು ನಿದ್ದೆ ತೆಗೆದು, ಊರು ಸೇರಿದರು. ಶರಭಣ್ಣನ ಅಂಗಿಯ ಗುಂಡಿಯೊಂದು ಸಿಡಿದು ಹೊಳೆಯ ಆಚೆ ದಡಕ್ಕೆ ಬಿತ್ತು. ನಾನೇ ಈಜಿ ಹೋಗಿ ತಂದೆ.

ಅವನ ಮುಖ ಬೆವರಿತು. ಕಣ್ಣು ಮೇಲಾಯಿತು. ಬಾಯಿ ಮಾತ್ರ "ಹಾಕು" ಅನ್ನುತ್ತಲೇ ಇತ್ತು.

ಹುಡುಗಿ ಸೌಟು ಕೆಳಗಿಟ್ಟಳು. ಒಳಗೆ ಹೋಗಿ ಶುಂಠಿ, ಇಂಗು ಹಾಕಿದ ನೀರುಮಜ್ಜಿಗೆ ತಂದಳು.

"ಇದನ್ನ ಕುಡಿದು ಏಳಿ ಸರ್."

"ನಾನಿನ್ನೂ ಆ ಮಾತು ಆಡಿಲ್ಲ."

"ಗೊತ್ತು ಸರ್. ನಪಾಸು ಅಂತಲೇ ಬರೀರಿ. ಇನ್ನೊಂದು ತುತ್ತು ತಿಂದರೆ ನಿಮಗೇನಾದರೂ ಆಗುತ್ತೆ."

ಕುಡಿದ. ಎದ್ದ. ಗುರುಗಳ ಮುಂದೆ ಹೋಗಿ ಕಂಬ ಹಿಡಿದುಕೊಂಡು ನಿಂತ.

"ಆಡಲಿಲ್ಲ ಗುರುಗಳೇ. ಕೊನೆವರೆಗೂ ಆಡಲಿಲ್ಲ. ಅವಳು ಸೋತಳು."

"ಭೇಷ್. ಈಗ ಅವಳು ಕೂರಲಿ, ನೀನು ಬಡಿಸು. ಷರತ್ತು ಅದೇ."

ಶರಭಣ್ಣನ ಮುಖ ಬಿಳಿಚಿತು. ಹುಡುಗಿ ಬೆಳಗಿನಿಂದ ಒಂದು ಅಗುಳೂ ಮುಟ್ಟಿರಲಿಲ್ಲ. ಅವಳು ಮನಸ್ಸು ಮಾಡಿದ್ದರೆ ಮರುದಿನದವರೆಗೂ ಅವನನ್ನು ಬಗ್ಗಿಸಿ ಏಳಿಸಿ ಮಾಡಬಹುದಿತ್ತು. ನಾನಾಗಿದ್ದರೆ ಮಾಡುತ್ತಿದ್ದೆ.

ಎಲೆ ಹಾಕಿದರು. ಅವಳು ಕೂತಳು. ಅವನು ಹೊಟ್ಟೆ ಹಿಡಿದುಕೊಂಡು, ಏದುಸಿರು ಬಿಡುತ್ತಾ ಬಗ್ಗಿ ಒಂದು ಸೌಟು ಅನ್ನ ಹಾಕಿದ.

ಅವಳು ಎಲೆಗೆ ಕೈ ಅಡ್ಡ ಹಿಡಿದಳು.

"ಸಾಕು, ಸರ್."



"ಯಾಕೆ? ನಿನಗೆ ಹಸಿವಿಲ್ಲವಾ?"

"ಇದೆ. ನಿಮಗೆ ಬಗ್ಗೋಕೆ ಆಗ್ತಿಲ್ಲ."

ಗುರುಗಳು ಅವನ ಕೈಯಿಂದ ಸೌಟು ತೆಗೆದುಕೊಂಡರು. ತಾವೇ ಬಗ್ಗಿ ಹುಡುಗಿಯ ಎಲೆ ತುಂಬ ಬಡಿಸಿದರು. ಆಮೇಲೆ ಹೇಳಿದರು:

"ನೀನು ಪಾಸಾದೆ ಶರಭಣ್ಣ. ಪಾಸು ಮಾಡಿದವಳಿಗೆ ಎಷ್ಟು ಅಂಕ ಹಾಕ್ತೀ?"

ಇಷ್ಟು ಹೇಳಿ ನಾನು ಎಲೆಅಡಿಕೆ ಬಾಯಿಗೆ ಹಾಕಿಕೊಂಡೆ. ಕೂತು ಕೇಳುತ್ತಿದ್ದ ಮಕ್ಕಳಲ್ಲಿ ಒಬ್ಬಳು ಕೈ ಎತ್ತಿದಳು.

"ಅಜ್ಜಾ, ಇದೆಲ್ಲ ನಡೆದಿದ್ದು ಆ ಹುಣ್ಣಿಮೆಯ ದಿನವೇ ಅಲ್ವಾ?"

"ಅದೇ ದಿನ. ಕಣ್ಣಾರೆ ಕಂಡವನು ನಾನು."

"ಅವತ್ತು ಉಂಡವರಿಗೆಲ್ಲ ನೀವೊಬ್ಬರೇ ಬಡಿಸಿದ್ದು ಅಂದ್ರಿ."

ಎಲ್ಲರೂ ಗೊಳ್ಳೆಂದರು. ನಾನು ಭುಜ ಹಾರಿಸಿದೆ.

"ಹೋಗಲಿ ಬಿಡವ್ವ. ಒಂದು ಸಾಲು ಅವಳದು ಅಂತಿಟ್ಟುಕೊ."