ಉಬ್ಬಿಕೊಂಡ ಎದೆಗವಚ

ಕಥೆ ಹೇಳಿ ಅಭ್ಯಾಸವಿಲ್ಲ, ತಪ್ಪಿದರೆ ಕ್ಷಮಿಸಿ. ಕಾಡುದಾರಿಯಲ್ಲಿ ಬೈಕ್ ಓಡಿಸುವ ದೇಚಮ್ಮ ಎದೆಗವಚ, ಅಂದರೆ ಬಿದ್ದಾಗ ಎದೆ ಕಾಯುವ ಕವಚ, ಕೊಳ್ಳಲು ಅಂಗಡಿಗೆ ಬಂದಳು. ಮೊದಲು ಗಟ್ಟಿಚಿಪ್ಪಿನದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಅದರ ಅಗಲವಾದ ಎದೆ ಕಂಡು ಪಕ್ಕದಲ್ಲಿ ತೂಗುತ್ತಿದ್ದ ಮೆತ್ತನೆಯ ಕವಚಕ್ಕೆ ಹೊಟ್ಟೆ ಉರಿಯಿತು. ತನ್ನ ಸರದಿ ಬಂದಾಗ, ತಾನೂ ಹಾಗೆಯೇ ಕಾಣಬೇಕೆಂದು, ಅದು ಬಿಗಿಯಾಗಿ ಉಬ್ಬಿಕೊಂಡಿತು. ಅದನ್ನು ತೊಟ್ಟು, ಹೊರಗೆ ನಿಲ್ಲಿಸಿದ್ದ ತನ್ನ ಬೈಕ್ ಮೇಲೆ ಕೂತು ಮುಂದಕ್ಕೆ ಬಾಗಿದ ದೇಚಮ್ಮನಿಗೆ ಉಸಿರೇ ಆಡಲಿಲ್ಲ. ಅದನ್ನೂ ಬಿಚ್ಚಿಟ್ಟು, ಏನೂ ಕೊಳ್ಳದೆ ಹೊರಟುಹೋದಳು.

“ನೀನೇ ಗೆದ್ದೆ ಬಿಡು,” ಎಂದಿತು ಮೆತ್ತನೆಯದು.

“ಎಲ್ಲಿಯ ಗೆಲುವು ಮಾರಾಯ? ನನ್ನನ್ನು ತೊಟ್ಟು ಬೈಕ್ ಮೇಲೆ ಬಾಗಿದೊಡನೆ ನನ್ನ ಅಂಚು ಅವಳ ಗಂಟಲಿಗೆ ಒತ್ತಿತು, ಆಗಲೇ ನನ್ನನ್ನು ಬೇಡವೆಂದಳು. ನೀನು ಮೆತ್ತಗೇ ಇದ್ದಿದ್ದರೆ ನಿನ್ನನ್ನೇ ಒಯ್ಯುತ್ತಿದ್ದಳು,” ಎಂದಿತು ಗಟ್ಟಿಚಿಪ್ಪು.

ಅಂದರೆ, ಹೊಟ್ಟೆಕಿಚ್ಚಿನವರಿಗೆ ಇನ್ನೊಬ್ಬರ ಎದೆಯಷ್ಟೇ ಕಾಣುತ್ತದೆ, ಗಂಟಲಿಗೆ ಒತ್ತುವ ಅಂಚು ಕಾಣುವುದಿಲ್ಲ. ಗಂಟಲು ಅಂದರೆ ಇಲ್ಲಿ... ಇರಿ, ಒಳಗೆ ಕರೆಯುತ್ತಿದ್ದಾರೆ.