ಸುತ್ತುಹಾದಿಯ ಕಲ್ಲುಗಳು

ಗುಡ್ಡದ ಹಾದಿಯಲ್ಲಿ ಸೈಕಲ್ ಓಡಿಸುವುದರಲ್ಲಿ ನೀಲಗಂಗಾ ಬಲು ಜೋರು. ಏರುವಾಗ ಎಲ್ಲರಂತೆ ಅವಳಿಗೂ ಏದುಸಿರು. ಆದರೆ ಇಳಿಯುವಾಗ ಅವಳನ್ನು ಹಿಡಿಯುವವರೇ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಅವಳು ಕಲಿಯುತ್ತಿದ್ದುದು ಕರಿಕಲ್ಲ ಗುಡ್ಡದ ಬುಡದಲ್ಲಿದ್ದ ಸೈಕಲ್ ಶಾಲೆಯಲ್ಲಿ. ಗುರುಗಳು ಹೊಸಕೇರಿ ಸರ್. ಶಿವರಾತ್ರಿ ಮುಗಿದು ಚಳಿ ಹೋಗುತ್ತಿದ್ದಂತೆ ಆ ಗುಡ್ಡದ ಮುತ್ತಲ ಗಿಡಗಳು ಎಲೆ ಉದುರಿಸಿ ಕೆಂಪು ಹೂ ಬಿಡುತ್ತವೆ. ನೋಡಲು ಚೆಂದ. ಸೈಕಲ್ಲಿಗೆ ಮಾತ್ರ ಕಷ್ಟ. ಊಟ ಬಡಿಸುವಷ್ಟು ಅಗಲದ ಎಲೆಗಳು ಹಾದಿಯನ್ನೇ ಮುಚ್ಚಿಬಿಡುತ್ತವೆ. ಕೆಳಗೆ ಕಲ್ಲಿದೆಯೋ ಕುಣಿಯಿದೆಯೋ ತಿಳಿಯುವುದಿಲ್ಲ. ಅದಕ್ಕೇ ಶಾಲೆಯಲ್ಲೊಂದು ರೂಢಿ ಇತ್ತು. ಆ ಕಾಲದಲ್ಲಿ ಮೊದಲ ಸಲ ಸೈಕಲ್ ಇಳಿಸುವ ಹಿಂದಿನ ದಿನ ಎಲ್ಲರೂ ಕಸಬರಿಗೆ ಹಿಡಿದು ಗುಡ್ಡ ಹತ್ತಬೇಕು. ಹಾದಿಯನ್ನು ಪಾಲು ಮಾಡಿಕೊಂಡು ಗುಡಿಸಬೇಕು. ತನ್ನ ಪಾಲು ಗುಡಿಸದವರು ಮರುದಿನ ಸೈಕಲ್ ಏರುವಂತಿಲ್ಲ.

ಆ ವರ್ಷ ಗುಡಿಸಿದ ಮರುದಿನವೇ ಆಯ್ಕೆ. ರಾಜ್ಯದ ಪಂದ್ಯಕ್ಕೆ ಶಾಲೆಯಿಂದ ಒಬ್ಬಳೇ ಹುಡುಗಿ ಹೋಗಬಹುದಿತ್ತು. ಪೈಪೋಟಿಯಲ್ಲಿ ಉಳಿದವರು ಇಬ್ಬರು: ಒಬ್ಬಳು ನೀಲಗಂಗಾ, ಇನ್ನೊಬ್ಬಳು ಮಾಲನಬಿ. ಮಾಲನಬಿ ನಿಧಾನಸ್ಥೆ, ಆದರೆ ಬೀಳುವವಳಲ್ಲ. ಅವಳು ತನಗೆ ಸಾಟಿಯೆಂದು ನೀಲಗಂಗಾ ಒಪ್ಪಿರಲಿಲ್ಲ. ಪಂದ್ಯದ ಆ ಜಾಗ ನೀಲಗಂಗಾಳಿಗೆ ಬೇಕೇ ಬೇಕಿತ್ತು. ವರ್ಷವಿಡೀ ಅದೇ ಕನಸು.

ನೀಲಗಂಗಾಳ ಪಾಲಿಗೆ ಬಂದದ್ದು ಗುಡ್ಡದ ಅತಿ ಕಡಿದಾದ ಜಾಗ. ಅಲ್ಲಿ ಹಾದಿ ಎರಡಾಗುತ್ತದೆ; ಎರಡನ್ನೂ ಗುಡಿಸುವುದು ಅವಳ ಪಾಲು. ಒಂದು ನೇರಹಾದಿ, ಬೋಳು ಬಂಡೆಯ ಮೇಲೆ ಧಡಾರನೆ ಇಳಿಯುವುದು. ಇನ್ನೊಂದು ಮುತ್ತಲ ಗಿಡಗಳನ್ನು ಬಳಸಿಕೊಂಡು ಹೋಗುವ ಸುತ್ತುಹಾದಿ. ನೀಲಗಂಗಾ ಸುತ್ತುಹಾದಿಯಲ್ಲಿ ಇಳಿದವಳೇ ಅಲ್ಲ. ಮಾಲನಬಿ ಇಳಿಯುತ್ತಿದ್ದುದು ಅಲ್ಲಿಯೇ.

ನೀಲಗಂಗಾ ನೇರಹಾದಿಯನ್ನು ಕನ್ನಡಿಯಂತೆ ಗುಡಿಸಿದಳು. ಗುಡಿಸಿದ ಎಲೆ, ಹೆಕ್ಕಿದ ಕಲ್ಲು ಎಲ್ಲವನ್ನೂ ಎಲ್ಲಿ ಹಾಕುವುದು? ದೂರ ಹೊರಲು ಬೇಸರ. ಪಕ್ಕದಲ್ಲೇ ಸುತ್ತುಹಾದಿ ಇತ್ತು. ತಿರುಗಿಯೂ ನೋಡದೆ ಅತ್ತ ಉರುಳಿಸಿದಳು.

ಸಂಜೆ ಹೊಸಕೇರಿ ಸರ್ ಕೇಳಿದರು. "ಎರಡೂ ಹಾದಿ ಗುಡಿಸೀದೇನು?"

"ಹೌದ್ರಿ ಸರ್."

ಅವರು ಹೋಗಿ ನೋಡಲಿಲ್ಲ. ಆ ಶಾಲೆಯಲ್ಲಿ ಯಾರೂ ಹಾಗೆ ಹೋಗಿ ನೋಡುತ್ತಿರಲಿಲ್ಲ.

ಬೆಳಗಿನ ಜಾವ ಮಳೆ ಬಂತು. ಆ ಕಾಲಕ್ಕೆ ಬರಬಾರದ ಮಳೆ, ಆದರೂ ಬಂತು. ಗಾಳಿಗೆ ಉದುರಿದ ಹೊಸ ಎಲೆಗಳು ಗುಡಿಸಿದ ಹಾದಿಯ ಮೇಲೂ ಚೆಲ್ಲಿದವು. ಬೋಳು ಬಂಡೆ ಎಣ್ಣೆ ಸವರಿದ ಹಾಗಾಯಿತು. ಸರ್ ನೇರಹಾದಿಗೆ ಅಡ್ಡಲಾಗಿ ಮುಳ್ಳಿನ ಕೊಂಬೆ ಎಳೆದರು. "ಇವತ್ತ ಎಲ್ಲಾರೂ ಸುತ್ತುಹಾದಿಲೆ ಇಳೀಬೇಕು" ಎಂದರು.

ನೀಲಗಂಗಾಳಿಗೆ ತಾನು ಅತ್ತ ಉರುಳಿಸಿದ ಕಲ್ಲುಗಳು ನೆನಪಾದವು. ಆಗಲೂ ಹೇಳಬಹುದಿತ್ತು. ಹೇಳಿದರೆ ಸೈಕಲ್ ಏರುವಂತಿಲ್ಲ, ಜಾಗ ಹೋಯಿತು. ಕಲ್ಲು ಹಾಕಿದವಳು ನಾನೇ, ಎಲ್ಲಿವೆ ಅಂತ ನನಗೆ ಗೊತ್ತಾಗುವುದಿಲ್ಲವೇ ಎಂದುಕೊಂಡಳು. ಮಾಲನಬಿಯ ನೆನಪೂ ಬಂತು. ಅವಳು ಹೇಗೂ ನಿಧಾನ, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಾವೆಲ್ಲ ಹೇಳಿಕೊಳ್ಳುವಂಥದ್ದೇ.

ಸರ್ ಮೇಲೆ ನಿಂತು ಸೀಟಿ ಊದಿದರು. ನೀಲಗಂಗಾ ಮೊದಲು ಇಳಿದಳು. ತಿರುವು ದಾಟಿದ ಮೇಲೆ ನೋಡಿದರೆ ಮಳೆಗೆ ನೆನೆದ ಎಲೆಗಳೆಲ್ಲ ನೆಲಕ್ಕೆ ಅಂಟಿ ಒಂದೇ ಸಮ ಆಗಿದ್ದವು. ಯಾವ ಕಲ್ಲು ಎಲ್ಲಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಹಾಕುವಾಗ ನೋಡಿದ್ದರೆ ತಾನೆ! ಮುಂದಿನ ಗಾಲಿ ಠಕ್ಕನೆ ನಿಂತಿತು. ಅವಳು ಹ್ಯಾಂಡಲ್ ಮೇಲಿಂದ ಹಾರಿ ಎಡಭುಜದ ಮೇಲೆ ಬಿದ್ದಳು. ಕೈ ಎತ್ತಲು ಹೋದರೆ ಪ್ರಾಣ ಹೋದಂತಾಯಿತು.

ಅಷ್ಟರಲ್ಲಿ ಮೇಲೆ ಮತ್ತೆ ಸೀಟಿ ಕೇಳಿಸಿತು. ಮಾಲನಬಿ ಹೊರಟಿದ್ದಳು. ತಿರುವಿನಾಚೆ ಏನಾಗಿದೆ ಎಂದು ಮೇಲಿನವರಿಗೆ ಕಾಣುತ್ತಿರಲಿಲ್ಲ. ಗಾಲಿಯ ಸದ್ದು ಹತ್ತಿರವಾಯಿತು. ಎಂದಿನ ನಿಧಾನದ ಸದ್ದಲ್ಲ, ಜೋರಾಗಿ ಬರುತ್ತಿತ್ತು. ಸುಮ್ಮನಿದ್ದರೆ ಅವಳೂ ಬೀಳುತ್ತಾಳೆ. ಇಬ್ಬರೂ ಬಿದ್ದರೆ ಆಯ್ಕೆ ಮುಂದಕ್ಕೆ ಹೋಗುತ್ತದೆ, ಸುಳ್ಳೂ ಎಲೆಯ ಕೆಳಗೇ ಉಳಿಯುತ್ತದೆ. ಈ ಯೋಚನೆ ಅವಳಿಗೆ ಬಂತೋ ಇಲ್ಲವೋ ಅವಳೇ ಬಲ್ಲಳು. ಆದರೆ ಅವಳು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದಳು.

"ಮಾಲನಬಿ, ನಿಂದ್ರ! ಎಲಿ ಕೆಳಗ ಕಲ್ಲದಾವ!"

ಬ್ರೇಕ್ ಕಿರುಗುಟ್ಟಿತು. ಸೈಕಲ್ ಅಡ್ಡಡ್ಡ ಜಾರಿ, ನೀಲಗಂಗಾಳ ಕಾಲಿನ ಹತ್ತಿರವೇ ನಿಂತಿತು. ಮಾಲನಬಿ ಇಳಿದು ಎಲೆ ಸರಿಸಿ ನೋಡಿದಳು.

"ಇಷ್ಟು ಕಲ್ಲ ಎಲ್ಲಿಂದ ಬಂದ್ವು?"

"ನಾನ ಹಾಕೀನಿ. ಈ ಹಾದಿ ಗುಡಿಸೇ ಇಲ್ಲ."

ಮಾಲನಬಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾ ಎಂದೂ ಸೈಕಲ್ ಇಷ್ಟು ಜೋರ್ ಬಿಟ್ಟಾಕಿ ಅಲ್ಲ. ನೀ ಗುಡಿಸೀದಿ ಅಂತ ನಂಬಿ ಬಿಟ್ಟಿದ್ನಿ" ಎಂದಳು. ಆಮೇಲೆ ಮೇಲಕ್ಕೆ ಮುಖ ಮಾಡಿ ಸರ್ ಅವರನ್ನು ಕೂಗಿದಳು. ನೀಲಗಂಗಾಳಿಗೆ ಭುಜದ ನೋವಿಗಿಂತ ಆ ಮಾತೇ ಹೆಚ್ಚು ನೋಯಿಸಿತು.

ಓಡಿ ಬಂದ ಸರ್ ಅವರಿಗೆ ನೀಲಗಂಗಾ ಎಲ್ಲವನ್ನೂ ಹೇಳಿದಳು. ಅವರು ಅವಳನ್ನು ಎಬ್ಬಿಸಿ ಕೂರಿಸುತ್ತ, "ಭುಜ ಕೂಡತೈತಿ ಬಿಡ. ನಂಬಿಗಿ ಕೂಡಾಕ ಅದಕಿಂತ ಬಾಳ ದಿನ ಬೇಕು" ಎಂದರು. ಪಂದ್ಯಕ್ಕೆ ಮಾಲನಬಿ ಹೋದಳು.

ಮುಂದಿನ ವರ್ಷ ಮತ್ತೆ ಎಲೆ ಉದುರಿತು. ನೀಲಗಂಗಾ ಅದೇ ಪಾಲನ್ನು ಕೇಳಿ ತೆಗೆದುಕೊಂಡಳು. ಮೊದಲು ಸುತ್ತುಹಾದಿ ಗುಡಿಸಿದಳು, ಆಮೇಲೆ ನೇರಹಾದಿ. ಕಿತ್ತ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ತಿರುವಿನ ಹೊರಅಂಚಿಗೆ ಸಾಲಾಗಿ ಜೋಡಿಸಿದಳು. ಗಾಲಿ ಕಣಿವೆಯತ್ತ ಜಾರಿದರೆ ತಡೆಯಲೆಂದು.

ಮರುದಿನ ಬೆಳಿಗ್ಗೆ ಮಾಲನಬಿ ಸೈಕಲ್ ಹಿಡಿದು ಮೇಲೆ ನಿಂತಿದ್ದಳು. "ಈ ಸಲ ಕಲ್ಲ ಎಲ್ಲಿ ಇಟ್ಟೀಯವ್ವ?" ಎಂದು ಕೇಳಿದಳು.

"ಕಣ್ಣಿಗೆ ಕಾಣೋ ಕಡೆ."

ಮಾಲನಬಿ ಅವಳ ಮುಖವನ್ನು ಒಮ್ಮೆ ನೋಡಿದಳು. ಇಳಿದು ಹೋಗಿ ಪರೀಕ್ಷಿಸಲಿಲ್ಲ. ಸೈಕಲ್ ಏರಿದಳು, ಬ್ರೇಕ್ ಮೇಲಿನ ಬೆರಳು ಸಡಿಲಿಸಿದಳು, ಸುತ್ತುಹಾದಿಯಲ್ಲಿ ಜೋರಾಗಿ ಇಳಿದು ಹೋದಳು. ನೀಲಗಂಗಾ ಕಣ್ಣೊರೆಸಿಕೊಂಡು ತನ್ನ ಸರದಿಗೆ ಕಾದಳು.

ನೀತಿ: ನಮಗೆ ಬೇಡದ ಹಾದಿ ಇನ್ನೊಬ್ಬರಿಗೆ ಬೇಕಾದ ಹಾದಿ. ನಾಳೆ ನಾವೂ ಅಲ್ಲಿಯೇ ಇಳಿಯಬೇಕಾದೀತು. ನಮ್ಮ ಹಾದಿಯ ಕಲ್ಲನ್ನು ಪಕ್ಕದ ಹಾದಿಗೆ ಉರುಳಿಸಬಾರದು. ಉರುಳಿಸಿದ್ದರೆ, ಯಾರಾದರೂ ನಮ್ಮನ್ನು ನಂಬಿ ಆ ಹಾದಿಗೆ ಇಳಿಯುವ ಮೊದಲೇ ಬಾಯಿಬಿಟ್ಟು ಹೇಳಬೇಕು.