ಅಧ್ಯಕ್ಷರ ಅಂಗಳದಲ್ಲಿ ಮೊದಲ ಬುಟ್ಟಿ

ಏಪ್ರಿಲ್ ಹನ್ನೊಂದು, ಸೋಮವಾರ. ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿ ಇರಲಿಲ್ಲ.

ಊರಾಚೆಯ ಕಸಾಯಿಖಾನೆಯಲ್ಲಿ ಉಳಿಯುವ ಕರುಳು, ಸಗಣಿಯಿಂದ ಗ್ಯಾಸ್ ಮಾಡುವ ತೊಟ್ಟಿ ಮಂಜೂರಾಗಿತ್ತು. ಗ್ಯಾಸ್ ಹೋಗಬೇಕಾದದ್ದು ಪಕ್ಕದ ಹುಡುಗಿಯರ ಹಾಸ್ಟೆಲಿಗೆ. ಅಲ್ಲಿ ಕಸಾಯಿಖಾನೆಯ ಕಾವಲುಗಾರ ದುರುಗಪ್ಪನ ಹೆಂಡತಿ ಜಾಲಿ ಕಟ್ಟಿಗೆಯ ಹೊಗೆಯಲ್ಲಿ ಕೆಮ್ಮುತ್ತಾ ಅಡುಗೆ ಮಾಡುತ್ತಿದ್ದಳು. ಆದರೆ ಪುರಸಭೆ ಅಧ್ಯಕ್ಷ ಚನ್ನವೀರಪ್ಪನವರು ಗುಡುಗಿದರು: "ಗ್ಯಾಸ್ ನಮ್ಮ ಮನಿಗೇ ಬರಬೇಕು. ಅಧ್ಯಕ್ಷ ನಾನೋ, ಹಾಸ್ಟೆಲೋ?"

"ನೀವೇರಿ ಯಪ್ಪಾ," ಎಂದ ದುರುಗಪ್ಪ.

ಮರುದಿನ ಬೆಳಗ್ಗೆ ಗಾಡಿ ಹೊಡೆದುಕೊಂಡು ಬಂದವನೇ ಅಧ್ಯಕ್ಷರ ಅಂಗಳದಲ್ಲಿ, ರಂಗೋಲಿಯ ಮೇಲೆಯೇ, ಸುಣ್ಣದ ಗೆರೆ ಎಳೆದ.

"ಇದೇನಲೇ?"

"ತೊಟ್ಟಿಗೆ ಗುರುತುರಿ. ಈ ಗ್ಯಾಸಿಗೆ ಒತ್ತಡ ಕಮ್ಮಿ, ಊರು ದಾಟಿ ಬರೂದಿಲ್ಲ. ತೊಟ್ಟಿನೇ ನಿಮ್ಮ ಬಾಗಿಲಿಗೆ ಬರಬೇಕು. ದಿನಾ ಮುಂಜಾನೆ ಗಾಡಿ ಬರ್ತದ."

ಹೇಳುತ್ತಲೇ ತೆಂಗಿನಕಾಯಿ ಒಡೆದ. ಬುಟ್ಟಿ ಇಳಿಸಿದ. ಅದಕ್ಕಿಂತ ಮೊದಲು ನೊಣಗಳು ಇಳಿದವು.

"ಅವ್ವಾರ, ಮೊದಲ ಬುಟ್ಟಿ ಮನಿ ಮುತ್ತೈದಿ ಕೈಯಿಂದನ ಬೀಳಬೇಕ್ರಿ. ಅರಿಷಿಣ-ಕುಂಕುಮ ತಂದೀನಿ, ಬರ್ರಿ!"

ಅಧ್ಯಕ್ಷರ ಹೆಂಡತಿ ಬುಟ್ಟಿಯೊಳಗೆ ಇಣುಕಿದರು. ಕುರಿಯ ಕರುಳು ಬಿಸಿಲಿಗೆ ಮಿರಮಿರ ಹೊಳೆಯಿತು. ಸೆರಗು ಮೂಗಿಗೆ ಹಾರಿತು, ಕಾಲು ಪಡಸಾಲೆಗೆ ಹಾರಿದವು. ಒಳಗಿನಿಂದ ಕೂಗು ಬಂತು: "ಏನ್ರೀ! ತೊಟ್ಟಿ ಬೇಕೋ, ನಾ ಬೇಕೋ?"

ಅಧ್ಯಕ್ಷರು ಮೂಗು ಹಿಡಿದುಕೊಂಡೇ ಆಜ್ಞೆ ಮಾಡಿದರು. ಅದು ಸನಾದಿ ಊದಿದಂತೆ ಕೇಳಿಸಿತು: "ಗ್ಯಾಸ್ ಹಾಸ್ಟೆಲಿಗೇ ಕೊಡೋ ಲೇ! ಮಕ್ಕಳು ಉಣ್ಣಲಿ! ಮೊದಲು ಗಾಡಿ ತಗಿ!"

ಇಷ್ಟಕ್ಕೆಲ್ಲ ದುರುಗಪ್ಪ ತೆತ್ತದ್ದು ಒಂದು ತೆಂಗಿನಕಾಯಿ. ಅದೂ ದಂಡವಾಗಲಿಲ್ಲ. ಅವತ್ತೇ ಹಾಸ್ಟೆಲಿನಲ್ಲಿ ಚಟ್ನಿಯಾಯಿತು.